ಟೇಪಿಗೆ ಅಂಟಿಕೊಂಡ ಪದರ

ರೋಷನ್ ಮಾಡಿದ್ದು ಉಪಕಾರವೇ. ಯಶ್ಮಿತಾ ಊಟಕ್ಕೆ ಹೋಗಿದ್ದಾಗ ಅವನು ಲ್ಯಾಬಿನ ಹರಳಿನ ಮೇಲೆ ಟೇಪ್ ಅಂಟಿಸಿ, ಮಂಕಾಗಿದ್ದ ಮೇಲ್ಪದರವನ್ನು ಕಿತ್ತು ಹೊಸ ಮುಖ ತೆರೆದ. ಅವಳು ಬಂದಾಗ ಕಂಪ್ಯೂಟರಿನಲ್ಲಿ ಸಿಗ್ನಲ್ ಗೆರೆ ಎತ್ತರಕ್ಕೆ ಏರಿತ್ತು. ಅವನು ಹುಬ್ಬು ಹಾರಿಸಿ, ಇನ್ನಾದರೂ ಒಂದು ನಗು ಸಿಗಬಹುದೇ ಎಂಬಂತೆ ನೋಡಿದ.

"ಹಳೇ ಪದರ ಎಲ್ಲಿ?" ಎಂದಳು.

"ಕಸದ ಬುಟ್ಟಿಗೆ ಹಾಕಿದೆ. ಎಂತಕ್ಕೆ?"

ಅವಳು ಹೆಗಲ ಬ್ಯಾಗನ್ನು ಎಡಗಡೆಗೆ ಜಾರಿಸಿ, ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಟ್ಟಳು.

ಆ ಪದರ ದೀಪೇಶ್ ತೆರೆದದ್ದು. ಅವಳನ್ನು ಮದುವೆಯಾಗಬೇಕಿದ್ದ ದೀಪೇಶ್. ಕುದ್ರೋಳಿಯ ಮನೆಗೆ ಹೋಗುವಾಗ ಕೂಳೂರು ಸೇತುವೆಯ ಬಳಿ ಅವನ ಬೈಕ್ ಲಾರಿಯಡಿಗೆ ಸಿಕ್ಕಿತು. ಅಂದು ಬೆಳಿಗ್ಗೆ ಈ ಲ್ಯಾಬಿನಲ್ಲಿ ಅವನು ಮಾಡಿದ ಕೊನೆಯ ಕೆಲಸ ಅದು.

ಟೋಪಾಲಾಜಿಕಲ್ ಸೆಮಿಮೆಟಲ್ ಎಂಬ, ಒಳಗೊಂದು ಹೊರಗೊಂದು ಸ್ವಭಾವದ ಈ ಹರಳಿನ ಗುಣವೇ ಹಾಗೆ. ಕೆಂಪು ಲೇಸರ್ ಹಾಯಿಸಿದರೆ ಒಡಲು ಸುಮ್ಮನಿರುತ್ತದೆ, ಮೇಲ್ಮೈ ಮಾತ್ರ ಚೂರು ನೀಲಿ ಬೆಳಕನ್ನು ಹಿಂದಿರುಗಿಸುತ್ತದೆ. ಗಾಳಿ ತಾಗಿ ಆ ಬೆಳಕು ಕುಂದಿದರೆ ಟೇಪಿನಿಂದ ಕಿತ್ತು ಹೊಸ ಪದರ ತೆರೆಯಬೇಕು. ದೀಪೇಶ್ ಹೋದ ಮೇಲೆ ಯಶ್ಮಿತಾ ಕೀಳಲೇ ಇಲ್ಲ. ಕತ್ತಲ ಕೋಣೆಯ ಕಂಪ್ಯೂಟರಿನಲ್ಲಿ ಆ ಬೆಳಕಿನ ಪುಟ್ಟ ಗೆರೆ ಮೂಡಿದಾಗಲೆಲ್ಲ ದೀಪೇಶ್ ಬೆನ್ನ ಹಿಂದೆ ನಿಂತು ಉಸಿರಾಡುತ್ತಿದ್ದಾನೆ ಅನ್ನಿಸುತ್ತಿತ್ತು. ತಿರುಗಿದರೆ ಹೋಗಿಬಿಡುತ್ತಾನೆಂದು ಅವಳು ತಿರುಗುತ್ತಿರಲಿಲ್ಲ. ಹೊಸದಾಗಿ ಸೇರಿದ ರೋಷನ್, ಸಿಗ್ನಲ್ ಕುಂದಿದ್ದಕ್ಕೆ ಲೇಸರಿನದೇ ತಪ್ಪೆಂದು ಕನ್ನಡಿಗಳನ್ನು ತಿರುಗಿಸಿ ತಿರುಗಿಸಿ ಸೋತ. ಕತ್ತಲೆಯಲ್ಲೂ ಮುಖ ಗಂಟಿಕ್ಕಲು ಎಲ್ಲಿ ಕಲಿತೆ ಎಂದು ಅವಳನ್ನು ಕೆಣಕಿದ. ಆಗಲೂ ಅವಳು ಪದರದ ವಿಷಯ ಹೇಳಲಿಲ್ಲ.

ಈಗ ಎಲ್ಲವನ್ನೂ ಹೇಳಿದಳು. ರೋಷನ್ ಎದ್ದು ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದ. ಚಹಾ ಕಪ್ಪು, ಟಿಶ್ಯೂಗಳ ನಡುವೆ ಸಿಕ್ಕ ಟೇಪಿನ ಚೂರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಬಹಳ ಹೊತ್ತಿನ ಮೇಲೆ ಒಂದನ್ನು ಅಂಗೈಯಲ್ಲಿ ತಂದು ಅವಳೆದುರು ಮೊಣಕಾಲೂರಿದ. ಟೇಪಿನ ಬೆನ್ನಿನಿಂದ ನೋಡಿದರೆ, ಗೋಂದಿನಾಚೆ, ದೀಪೇಶ್ ತೆರೆದ ಮುಖ ಹಾಗೆಯೇ ಇತ್ತು.

"ನಿನಗೆ ನನ್ನ ಮೇಲೆ ಮನಸ್ಸುಂಟು, ನನಗೆ ಗೊತ್ತಾಗ್ತದೆ," ಎಂದಳು. "ಆದರೆ ಅವನು ಹೋಗುವುದಿಲ್ಲ ಮಾರಾಯ. ನಾನು ಬಂದರೆ ಅವನೂ ಬರ್ತಾನೆ."

"ಬರಲಿ. ಅವನ ಜಾಗ ನನಗೆ ಬೇಡ. ನಿನ್ನ ಹತ್ರ ಬೇರೆ ಜಾಗ ಉಂಟಾ, ಅಷ್ಟು ಹೇಳು."

ಅವಳು ಟೇಪಿನ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಎಡಗಡೆಯಿದ್ದ ಬ್ಯಾಗನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ರೋಷನ್ ಅಲ್ಲಿ ಕುಳಿತ. ಅವಳ ಬಲಗಡೆ ಒಬ್ಬರು ಕೂರುವಷ್ಟು ನೆಲ ಖಾಲಿ ಇತ್ತು. ಅವನು ಅತ್ತ ಒಮ್ಮೆ ನೋಡಿ, ಅಲ್ಲಿ ಕೂತವನಿಗೆ ಜಾಗ ಬಿಡುವಂತೆ ತನ್ನ ಕಾಲನ್ನು ಇನ್ನಷ್ಟು ಮಡಚಿಕೊಂಡ.