ಗೋಡೆಯಾಚೆಯ ಗೋಣಿಮುಖ

"ಗೋಣಿಮುಖ ಓಡಲ್ಲ!"

ಆರನೇ ಕ್ಲಾಸಿನ ಇಂದು ಎಷ್ಟು ಜೋರಾಗಿ ಹೇಳಿದಳೆಂದರೆ, ಕೈಯಲ್ಲಿದ್ದ ತಟ್ಟೆ ವಾಲಿ ಬಿಸಿಯೂಟದ ಸಾಂಬಾರು ಯೂನಿಫಾರಂ ಮೇಲೆ ಚೆಲ್ಲಿತು.

"ಓಡ್ತಾನೆ ಕಣೇ," ಎಂದ ಚನ್ನೇಶ. "ಟ್ರೇಲರ್ ನೋಡಿದೀನಿ ನಾನು. ಬಸ್ ಹಿಂದೇನೇ ಓಡ್ತಾನೆ. ಓಡಿ ಬಂದು ಟಾಪ್ ಮೇಲೆ ಹತ್ತುತಾನೆ!"

"ಅದು ಹೊಸಬ. ಹಳೇ ಗೋಣಿಮುಖ ನಿಧಾನಕ್ಕೆ ನಡ್ಕೊಂಡೇ ಬತ್ತಾನೆ. ಎಡಗಾಲು ಎಳೀತಾನೆ. ಸರ್ರ್... ಲೊಟ್. ಸರ್ರ್... ಲೊಟ್."

ಕಣಕಟ್ಟೆಯ ಶಾಲೆಯಲ್ಲಿ ಒಂದು ವಾರದಿಂದ ಊಟದ ಹೊತ್ತಿಗೆ ಇದೇ ಜಗಳ. 'ಗೋಣಿಮುಖ' ಅಂದರೆ ಹಳೆಯ ಹೆದರಿಸುವ ಸಿನಿಮಾ. ಮುಖಕ್ಕೆ ಗೋಣಿಚೀಲ ಹಾಕಿಕೊಂಡ ಕೊಲೆಗಾರನೊಬ್ಬ ಮಚ್ಚು ಹಿಡಿದು ಊರೂರು ತಿರುಗುವ ಕತೆ. ಈ ಮಕ್ಕಳ ಅಪ್ಪ ಅಮ್ಮ ಚಿಕ್ಕವರಿದ್ದಾಗ ಒಂದರ ಹಿಂದೊಂದು ಮೂರು ಭಾಗ ಬಂದಿದ್ದವು. ಇಷ್ಟು ವರ್ಷ ಸುಮ್ಮನಿದ್ದು ಈಗ ನಾಲ್ಕನೆಯದು ಬರುತ್ತಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಗೋಡೆಗಳ ತುಂಬ ಅದರದೇ ಪೋಸ್ಟರ್. ಪೋಸ್ಟರಿನ ಮೂಲೆಯಲ್ಲಿ 'ವಯಸ್ಕರಿಗೆ ಮಾತ್ರ' ಎಂದೂ ಇತ್ತು. ಆ ಮೂಲೆಯನ್ನು ಮಾತ್ರ ಯಾರೂ ಓದುತ್ತಿರಲಿಲ್ಲ.

"ಮೂರ್ನೇ ಪಾರ್ಟಲ್ಲಿ ಬಾವಿಗೆ ಬಿದ್ದು ಸತ್ತೋದ್ನಲ್ಲ, ಮತ್ತೆ ಹೆಂಗ್ ಬಂದ?" ಎಂದು ನಾಲ್ಕನೇ ಕ್ಲಾಸಿನ ಮನು ಕೇಳಿದ.

"ಬಾವೀಲಿ ನೀರಿರ್ಲಿಲ್ಲ ಅನ್ಸುತ್ತೆ," ಎಂದಳು ಇಂದುವಿನ ಗೆಳತಿ ಶಿಲ್ಪಶ್ರೀ.

"ನೀರಿಲ್ದಿದ್ರೆ ಇನ್ನೂ ಜೋರಾಗಿ ಪೆಟ್ಟು ಬೀಳುತ್ತೆ ಕಣಕ್ಕ!"

"ಅದ್ಕೇ ಹೇಳಿದ್ದು. ಸತ್ತೋನ್ನ ಸುಮ್ನೆ ಬಿಡ್ಬೇಕಪ್ಪ. ಯಾಕೆ ಎಬ್ಬಿಸ್ಬೇಕು?"

"ಹಳೇದು ಬರೀ ಕಾಮಿಡಿ," ಎಂದ ಚನ್ನೇಶ. ಅವನು ಏಳನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಅವರಣ್ಣನ ಫೋನು ಅವನ ಕೈಗೇ ಬರುತ್ತಿತ್ತು. "ಹೊಸದೇ ಸೂಪರ್."

"ಹಳೇದು ಗೊತ್ತಾ ನಿಂಗೆ?" ಇಂದು ಬಿಡಲಿಲ್ಲ. "ಅವನು ಬರೋಕ್ ಮುಂಚೆ ಸಿಪ್ಪೆ ಸುಟ್ಟ ವಾಸನೆ ಬತ್ತೈತೆ. ವಾಸನೆ ಬಂತು ಅಂದ್ರೆ ಮುಗೀತು."

ಚನ್ನೇಶ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ನಕ್ಕ. "ಸಿನಿಮಾದಲ್ಲಿ ವಾಸನೆ ಹೆಂಗೆ ಬರುತ್ತೇ?"

ಎಲ್ಲರೂ ನಕ್ಕರು. ಇಂದು ಇದನ್ನು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ಗೋಣಿಮುಖನನ್ನು ಈ ಶಾಲೆಗೆ ಕರೆತಂದವಳೇ ಇಂದು. ಚಳಿಗಾಲದಲ್ಲಿ ಅವರ ಮನೆಯಲ್ಲಿ ನೆನೆಹಾಕಿದ ಅವರೆಕಾಳು ಹಿತುಕಲು ಎಲ್ಲರೂ ಸುತ್ತ ಕೂರುತ್ತಿದ್ದರು. ಕೈ ಕಾಳು ಹಿತುಕುತ್ತಿದ್ದರೆ ಅಜ್ಜಿ ರುದ್ರಮ್ಮ ಸಿನಿಮಾ ಕತೆ ಹೇಳುತ್ತಿದ್ದಳು. ಗೋಣಿಮುಖನ ಮೂರು ಭಾಗವೂ ಇಂದುವಿಗೆ ಹಾಗೆಯೇ ಬಾಯಿಪಾಠವಾಗಿತ್ತು. ಅದನ್ನೇ ಅವಳು ಶಾಲೆಯ ಮೆಟ್ಟಿಲ ಮೇಲೆ ಕೂತು ದಿನಕ್ಕಿಷ್ಟು ಎಂದು ಹೇಳುತ್ತಿದ್ದಳು. ಮನು, ಶಿಲ್ಪಶ್ರೀ, ದೊಡ್ಡ ಕ್ಲಾಸಿನವರು ಕೂಡ ಸುತ್ತ ಮುಕುರಿಕೊಳ್ಳುತ್ತಿದ್ದರು. ಈಗ ಅವರೆಲ್ಲ ಫೋನಿನ ಸುತ್ತ ಮುಕುರಿಕೊಳ್ಳುತ್ತಿದ್ದರು.

ಅವತ್ತು ಶಾಲೆ ಬಿಟ್ಟ ಮೇಲೆ ಬಸ್ ನಿಲ್ಲುವ ಜಾಗದಲ್ಲಿ ಚನ್ನೇಶ ಫೋನು ತೆಗೆದ.

"ಹಳೇ ಫಸ್ಟ್ ಪಾರ್ಟಿನ ಒಂದು ಸೀನ್ ಸಿಕ್ತು. ಬನ್ರೋ, ನೋಡ್ರೋ."

ಮಸುಕು ಮಸುಕಾದ ಚಿತ್ರ. ಗೋಣಿಚೀಲ ಹಾಕಿಕೊಂಡ ಒಬ್ಬ ದಪ್ಪನೆಯ ಮನುಷ್ಯ ಬಂದ. ಎರಡು ಕಾಲೂ ನೆಟ್ಟಗಿದ್ದವು. ಕ್ಯಾನ್ವಾಸ್ ಶೂ ಹಾಕಿದ್ದ. ಎಡಗಾಲನ್ನು ಎಳೆಯಲೇ ಇಲ್ಲ. ಚೀಲ ಕಣ್ಣಿನ ಮೇಲೆ ಜಾರಿತು. ಅವನೇ ಅದನ್ನು ಸರಿಮಾಡಿಕೊಂಡ.

ಮನು ಕಿಸಕ್ಕನೆ ನಕ್ಕ. "ಇಂದಕ್ಕಾ, ಸರ್ರ್ ಎಲ್ಲಿ? ಲೊಟ್ ಎಲ್ಲಿ?"

"ಸುಳ್ಳಿ!" ಎಂದ ಚನ್ನೇಶ. "ನೀನೂ ಸುಳ್ಳಿ, ನಿಮ್ಮಜ್ಜೀನೂ ಸುಳ್ಳಿ. ಇನ್ಮೇಲೆ ಗೋಣಿಮುಖನ ಹೆಸರು ಎತ್ತಬೇಡ."

ಇಂದು ಬ್ಯಾಗನ್ನು ಹೆಗಲಿಗೆ ಎಳೆದುಕೊಂಡು ಮನೆ ಕಡೆ ಓಡಿದಳು.

ಅಜ್ಜಿ ಜಗಲಿಯಲ್ಲಿ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದಳು. ಹೆಬ್ಬೆರಳು ಒತ್ತಿದರೆ ಕಾಳು ಪಟಕ್ಕನೆ ಪಾತ್ರೆಗೆ, ಸಿಪ್ಪೆ ಪಕ್ಕಕ್ಕೆ.

"ನೀನು ಗೋಣಿಮುಖ ನೋಡೇ ಇಲ್ಲ!"

ಅಜ್ಜಿ ತಲೆ ಎತ್ತಿದಳು. "ಹೂಂ ಕಣವ್ವ. ನೋಡಿಲ್ಲ."

ಅಳಲೋ ಕೂಗಾಡಲೋ ಎಂದು ಇಂದುವಿಗೆ ತಿಳಿಯಲಿಲ್ಲ. ಎರಡಕ್ಕೂ ತಯಾರಾಗಿ ಬಂದಿದ್ದಳು. "ಮತ್ತೆ ಮೂರು ಪಾರ್ಟೂ ಹೇಳ್ದೆ?"

"ನೋಡಿದೀನಿ ಅಂತ ಯಾವತ್ತು ಹೇಳ್ದೆ? ಗೊತ್ತೈತೆ ಅಂದೆ. ಅರಸೀಕೆರೆ ಟಾಕೀಸ್ ಪಕ್ಕದಾಗೆ ನಾನು ಕಡ್ಲೆಕಾಯಿ ಹುರೀತಿದ್ದೆನಲ್ಲ, ಆವಾಗ ಗೋಡೆ ಆಚೆಯಿಂದ ಕೇಳ್ತಿತ್ತು. ದಿನಾ ಅದೇ ಆಟ, ದಿನಾ ಕೇಳ್ದೆ."

"ಒಳಗೋಗಿ ನೋಡ್ಬೇಕಾಗಿತ್ತು."

"ಒಳಗೆ ಕೂತ್ರೆ ಇಂಟ್ರೋಲ್‌ಗೆ ಕಡ್ಲೆಕಾಯಿ ನಿಮ್ಮ ತಾತ ಬಂದು ಕೊಡ್ತಿದ್ನಾ? ಅವನು ಕೊಟ್ಟಿದ್ರೆ ಅರ್ಧ ಅವನೇ ತಿನ್ನೋನು."

ಇಂದುವಿಗೆ ನಗು ಬಂತು. ಆದರೂ ಮುಖ ಸಡಿಲಿಸಲಿಲ್ಲ. "ಅವನು ಕಾಲು ಎಳೆಯಲ್ಲ ಅಜ್ಜಿ. ಎರಡು ಕಾಲೂ ಸರಿಯಾಗವೆ. ನಾನೇ ನೋಡ್ದೆ."

"ಹೌದಾ?" ಅಜ್ಜಿಯ ಕೈ ನಿಂತಿತು. "ನಂಗೆ ಸರ್ರ್ ಅಂತ ಕೇಳಿಸ್ತು. ಏನೋ ಎಳೀತಾ ಬತ್ತಾವ್ನೆ ಅನ್ಕಂಡೆ. ಗೋಡೆ ಮೇಲೆ ಕಿವಿ ಇಟ್ರೆ ಹಂಗೇ ಕಣವ್ವ. ಯಾರು, ಎಲ್ಲಿ, ಎಷ್ಟು ಹತ್ರ ಅಂತ ಗೊತ್ತಾಗಲ್ಲ. ಒಂದಿನ ಆಟ ನಡೀತಿರೋವಾಗ ನಾನೇ ಬಾಂಡ್ಲಿ ಬಿಟ್ಟು ಎದ್ದೋಡಿದೀನಿ. ಕಡ್ಲೆಕಾಯಿ ಎಲ್ಲಾ ಕರಕಲು."

ಸಿಪ್ಪೆ ಸುಟ್ಟ ವಾಸನೆ! ಇಂದು ಬ್ಯಾಗು ಕೆಳಗಿಟ್ಟು ಅಜ್ಜಿಯ ಎದುರು ಕೂತಳು. ಒಂದು ಹಿಡಿ ಕಾಳು ತೆಗೆದುಕೊಂಡು ಹಿತುಕತೊಡಗಿದಳು. ಆ ಹಿಡಿ ಮುಗಿದು ಇನ್ನೊಂದು ಹಿಡಿ ತೆಗೆದುಕೊಂಡಳು.

"ಅಜ್ಜಿ," ಎಂದಳು ಕೊನೆಗೆ, "ಶನಿವಾರ ನಮ್ಮ ಕೊಬ್ಬರಿ ಮನೆ ಬೇಕು."

"ತಗೋ. ಆದ್ರೆ ಒಳಗೆ ಬೆಂಕಿಪೊಟ್ಟಣ ತಗೊಂಡೋದ್ರೆ ಬೆನ್ನು ಮುರೀತೀನಿ. ವರ್ಷದ ಕೊಬ್ಬರಿ ಐತೆ."

ಮಾರನೆಯ ದಿನ ಇಂದು ಚನ್ನೇಶನ ಎದುರು ನಿಂತಳು.

"ಶನಿವಾರ ಬೆಳಗಿನ ಸ್ಕೂಲ್ ಮುಗುದ್ಮೇಲೆ ನಮ್ಮ ಕೊಬ್ಬರಿ ಮನೆಗೆ ಬಾ. ನೀನು ಹೊಸದು ತೋರ್ಸು, ನಾನು ಹಳೇದು ಹೇಳ್ತೀನಿ. ಯಾವುದಕ್ಕೆ ಎಲ್ಲರೂ ಹೆದರ್ತಾರೆ ನೋಡನ."

"ಸೋತ್ರೆ?"

"ಗೋಣಿಮುಖನ ಹೆಸರೇ ಎತ್ತಲ್ಲ. ಮೆಟ್ಲು ಮೇಲೂ ಕೂರಲ್ಲ."

ಶಿಲ್ಪಶ್ರೀ ಅವಳ ಕೈ ಜಗ್ಗಿದಳು. "ಏಯ್, ಫೋನ್ ಮುಂದೆ ನೀನೇನೇ ಮಾಡ್ತೀಯ?"

"ಶನಿವಾರ ನೋಡು," ಎಂದು ಇಂದು ಕೈ ಬಿಡಿಸಿಕೊಂಡಳು.

ಶನಿವಾರ ಮಧ್ಯಾಹ್ನ ಎಲ್ಲರೂ ತೋಟದ ಕೊಬ್ಬರಿ ಮನೆಗೆ ಬಂದರು. ದಪ್ಪ ಮಣ್ಣಿನ ಗೋಡೆ. ಒಂದು ಬಾಗಿಲು, ಮೇಲೊಂದು ಬೆಳಕಿಂಡಿ. ತಲೆಯ ಮೇಲೆ ಬಿದಿರಿನ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಕಾಯೊಳಗಿನ ನೀರು ಒಣಗಿ ಕೊಬ್ಬರಿಯಾಗುತ್ತದೆ. ಆಮೇಲೆ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪಿಗೆ ಬಡಿದು ಲೊಟ್ ಲೊಟ್ ಎನ್ನುತ್ತದೆ.

ಮೊದಲು ಚನ್ನೇಶನ ಸರದಿ. ಫೋನಿನ ಸುತ್ತ ತಲೆಗಳು ಸೇರಿದವು. ಗೋಣಿಮುಖ ಬಸ್ ಹಿಂದೆ ಓಡಿದ. ಗಾಜು ಒಡೆಯಿತು. ಎಲ್ಲರೂ "ಆಆ!" ಎಂದು ಕಿರುಚಿದರು. ಇಂದುವಿಗೂ ಮೈ ಜುಮ್ಮೆಂದಿತು.

"ಇನ್ನೊಂದ್ಸಲ ಹಾಕಣ್ಣ," ಎಂದ ಮನು. ಎರಡನೇ ಸಲ ಅರ್ಧ ಜನ ಕಿರುಚಿದರು. ಮೂರನೇ ಸಲಕ್ಕೆ ಮನು, "ಈಗ ಗಾಜು ಒಡಿಯುತ್ತೆ ನೋಡ್ರಿ," ಎಂದು ಮೊದಲೇ ಹೇಳಿಬಿಟ್ಟ.

"ಈಗ ನೀನು," ಎಂದ ಚನ್ನೇಶ.

"ಎಲ್ಲರೂ ಒಳಗೇ ಕೂತಿರಿ. ನಾನು ಆಚೆ ಹೋಗ್ತೀನಿ."

"ಆಚೆ ಹೋಗಿ ಏನ್ ಮಾಡ್ತೀಯೇ? ಕತೆ ಯಾರು ಹೇಳೋರು?"

"ನಾನೇ. ಬಾಗಿಲು ಮುಂದಕ್ಕೆ ಹಾಕಿರ್ತೀನಿ, ಅಗುಳಿ ಹಾಕಲ್ಲ. ಹೆದರಿದೋರು ಎದ್ದು ಬರ್ಬೋದು. ಆದ್ರೆ ಬಂದೋರು ಸೋತಂಗೆ."

ಇಂದು ಹೊರಗೆ ಬಂದು ಬಾಗಿಲು ಮುಂದಕ್ಕೆಳೆದಳು. ಹೊರಗೆ ಬಿಸಿಲು ಪಳಪಳ ಹೊಳೆಯುತ್ತಿತ್ತು. ಒಳಗೆ ಬೆಳಕಿಂಡಿಯ ಒಂದು ಎಳೆ ಬೆಳಕು ಬಿಟ್ಟರೆ ಕತ್ತಲೆ. ಅವಳು ಗೋಡೆಗೆ ಕಿವಿ ಇಟ್ಟಳು. ಒಳಗೆ ಪಿಸಪಿಸ, ಕಿಸಕಿಸ. ಯಾರು ನಗುತ್ತಿದ್ದಾರೆ, ಎಲ್ಲಿ ಕೂತಿದ್ದಾರೆ ಏನೂ ಕಾಣದು. ಟಾಕೀಸಿನ ಪಕ್ಕದಲ್ಲಿ ಅಜ್ಜಿ ಹೀಗೇ ಕೂತಿದ್ದಳಲ್ಲವೇ?

"ಒಂದೂರಲ್ಲಿ," ಎಂದು ಅವಳು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಶುರುಮಾಡಿದಳು, "ಒಂದು ಕೊಬ್ಬರಿ ಮನೆ ಇತ್ತು. ಒಳಗೆ ಒಂದಷ್ಟು ಹುಡುಗ್ರು ಕೂತಿದ್ರು."

ನಗು ನಿಂತಿತು.

"ಅವ್ರಲ್ಲಿ ಒಬ್ಬನ ಕೈಯಲ್ಲಿ ಫೋನಿತ್ತು."

"ಏಯ್, ನನ್ನ ಯಾಕೆ ಸೇರಿಸ್ತೀಯ?" ಚನ್ನೇಶನ ದನಿ.

ಇಂದು ಪಕ್ಕದಲ್ಲಿಟ್ಟಿದ್ದ ಗೋಣಿಚೀಲವನ್ನು ಹಿಡಿದಳು. ಒಳಗೊಂದು ಒಣಗಿದ ಕಾಯಿ ಹಾಕಿದ್ದಳು. ಗೋಡೆಯ ಬುಡದ ಕಲ್ಲುಚಪ್ಪಡಿಯ ಮೇಲೆ ಅದನ್ನು ನಿಧಾನವಾಗಿ ಎಳೆದಳು.

ಸರ್ರ್... ಲೊಟ್.

ಒಳಗೆ ಯಾರೋ ಉಸಿರು ಎಳೆದುಕೊಂಡರು.

ಸರ್ರ್... ಲೊಟ್.

"ಹಿಂದ್ಗಡೆ ಗೋಡೆ," ಎಂದು ಶಿಲ್ಪಶ್ರೀ ಪಿಸುಗುಟ್ಟಿದಳು.

"ಇಲ್ಲ, ಪಕ್ಕದ್ದು," ಎಂದ ಚನ್ನೇಶ. ಅವನೂ ಪಿಸುಗುಟ್ಟುತ್ತಿದ್ದ.

ಮನೆಯ ಒಲೆಯಲ್ಲಿ ಕರಕಲು ಮಾಡಿ, ನೀರು ಚಿಮುಕಿಸಿ ಕೆಂಡ ಆರಿಸಿ ತಂದಿದ್ದ ಕಡ್ಲೆಕಾಯಿ ಸಿಪ್ಪೆ ಒಂದು ಚಿಪ್ಪಿನಲ್ಲಿತ್ತು. ಇಂದು ಗೋಡೆ ಪಕ್ಕದ ಮುರಿದ ಕಲ್ಲುಬೆಂಚಿನ ಮೇಲೆ ಹತ್ತಿ, ಚಿಪ್ಪನ್ನು ಬೆಳಕಿಂಡಿಗೆ ಹಿಡಿದು ಊದಿದಳು.

"ಏನೋ ಸುಟ್ಟ ವಾಸನೆ..." ಮನುವಿನ ದನಿ ಸಣ್ಣಗಾಗಿತ್ತು. "ಚನ್ನೇಶಣ್ಣಾ, ವಾಸನೆ ಬಂತು ಅಂದ್ರೆ ಮುಗೀತು ಅಂದಿದ್ಲು."

ಇಂದು ಮತ್ತೆ ಚೀಲ ಎಳೆಯಬೇಕು ಎಂದುಕೊಂಡಿದ್ದಳು. ಕೈ ಚಾಚಿ, ಹಾಗೇ ನಿಲ್ಲಿಸಿದಳು. ಅವರೆಕಾಳು ಹಿತುಕುತ್ತ ಅಜ್ಜಿ ಇಲ್ಲೇ ತಾನೇ ನಿಲ್ಲಿಸುತ್ತಿದ್ದದ್ದು? ಕೈ ಕೂಡ ನಿಂತುಬಿಡುತ್ತಿತ್ತು. ಮನೆಯೆಲ್ಲ "ಆಮೇಲೆ? ಆಮೇಲೆ?" ಎಂದು ಕೇಳಬೇಕಿತ್ತು.

ಅವಳು ಸುಮ್ಮನೆ ನಿಂತಳು. ಕತೆಯಿಲ್ಲ. ಸರ್ರ್ ಇಲ್ಲ. ಎಲ್ಲೋ ತೋಟದಾಚೆ ಒಂದು ಟೆಂಪೋ ಹಾರ್ನ್ ಹೊಡೆದು ಹೋಯಿತು.

"ಇಂದೂ?" ಎಂದ ಚನ್ನೇಶ.

ಅವಳು ಮಾತಾಡಲಿಲ್ಲ.

"ಇಂದೂ, ಇದೀಯೇನೇ? ಆಮೇಲೇನಾಯ್ತೇ?"

ಅವಳು ಚೀಲದಿಂದ ಕಾಯಿ ತೆಗೆದು ಬೆಳಕಿಂಡಿಯ ಬಾಯಿಗೆ ಹಿಡಿದಳು. ಒಳಗಿದ್ದ ಒಂದೇ ಎಳೆ ಬೆಳಕೂ ಹೋಯಿತು. ಅವರ ನೆತ್ತಿಯ ಮೇಲೆಯೇ, ಗಡಗಡ ಅಲ್ಲಾಡಿಸಿದಳು.

ಲೊಟಲೊಟಲೊಟ!

"ಅವ್ವಾ!"

ಬಾಗಿಲು ದಡಾರನೆ ತೆರೆಯಿತು. ಎಲ್ಲರಿಗಿಂತ ಮೊದಲು ಬಿಸಿಲಿಗೆ ಬಂದು ಬಿದ್ದವನು ಚನ್ನೇಶ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವನ ಹಿಂದೆ ಮನು, ಮನುವಿನ ಅಂಗಿ ಹಿಡಿದುಕೊಂಡು ಶಿಲ್ಪಶ್ರೀ, ಆಮೇಲೆ ಉಳಿದವರೆಲ್ಲ. ತೆಂಗಿನ ಮರದ ಬುಡದವರೆಗೆ ಓಡಿ ಹಿಂತಿರುಗಿ ನೋಡಿದರು. ಕಲ್ಲುಬೆಂಚಿನ ಮೇಲೆ ಇಂದು ನಿಂತಿದ್ದಳು. ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಚಿಪ್ಪು.

ಮನು ಕುಣಿಯತೊಡಗಿದ.

"ಚನ್ನೇಶಣ್ಣ ಅವ್ವಾ ಅಂದ! ಚನ್ನೇಶಣ್ಣ ಅವ್ವಾ ಅಂದ!"

"ಇಂದಕ್ಕಾ, ಇನ್ನೊಂದ್ಸಲ! ಮೊದ್ಲಿಂದ!" ಎಂದೂ ಕೂಗಿದ.

ಚನ್ನೇಶ ಒಳಗೆ ಹೋಗಿ ಚಪ್ಪಲಿ ಹುಡುಕಿ ತಂದ. ಬಹಳ ಹೊತ್ತು ಅದನ್ನೇ ಹಾಕಿಕೊಂಡ. "ಸಿನಿಮಾದಲ್ಲಿ ಹಿಂಗಿಲ್ಲ," ಎಂದ.

"ಇಲ್ಲ," ಎಂದಳು ಇಂದು. "ನಮ್ಮಜ್ಜಿ ಸಿನಿಮಾ ನೋಡೇ ಇಲ್ಲ ಕಣೋ. ಟಾಕೀಸ್ ಆಚೆ ಕಡ್ಲೆಕಾಯಿ ಹುರೀತಾ ಕೇಳಿಸ್ಕೊಂಡಿದ್ದು."

ಚನ್ನೇಶ ಅವಳ ಕೈಯಲ್ಲಿದ್ದ ಚಿಪ್ಪನ್ನು ನೋಡಿದ. ಕರಕಲು ಸಿಪ್ಪೆಯನ್ನು ಮೂಸಿ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

"ಅದಕ್ಕೇ ವಾಸನೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಇಂದುವೂ ನಕ್ಕಳು. "ಸೋಮವಾರ ಮೆಟ್ಲು ಹತ್ರ ಎರಡ್ನೇ ಪಾರ್ಟ್ ಹೇಳೇ. ಕಾಲು ಎಳೆಯೋನ್ದೇ ಹೇಳು. ಆ ಕ್ಯಾನ್ವಾಸ್ ಶೂದು ಬೇಡ," ಎಂದ ಚನ್ನೇಶ.

ಕಾಯಿಯನ್ನು ಅಟ್ಟಕ್ಕೆ ಹಾಕಿ, ಬಾಗಿಲು ಭದ್ರಪಡಿಸಿ ಇಂದು ಮನೆಗೆ ಬಂದಳು. ಜಗಲಿಯಲ್ಲಿ ಅಜ್ಜಿ ಅವರೆಕಾಳು ಹಿತುಕುತ್ತಿದ್ದಳು.

"ಏನವ್ವಾ, ತೋಟದಿಂದ ಇಲ್ಲೀಗಂಟ ಕೇಳಿಸ್ತು ಕೂಗು. ಏನ್ ಮಾಡ್ದೆ?"

ಇಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಹಿಡಿ ಕಾಳು ತೆಗೆದುಕೊಂಡಳು. ಹಿತುಕುತ್ತ ಹಿತುಕುತ್ತ ಮೊದಲಿನಿಂದ ಹೇಳತೊಡಗಿದಳು. ಬಸ್ ಹಿಂದೆ ಓಡಿದ ಹೊಸಬ, ಗೋಡೆ, ಚೀಲ, ಚಿಪ್ಪು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನೋಡುನೋಡುತ್ತಲೇ ಅವಳ ಕೈ ಕಾಳಿನಲ್ಲೇ ನಿಂತುಬಿಟ್ಟಿತು.

"...ಚನ್ನೇಶ ಕರೆದ. 'ಇಂದೂ, ಇದೀಯೇನೇ?' ಅಂದ."

"ಆಮೇಲೆ?" ಎಂದಳು ಅಜ್ಜಿ.

ಇಂದು ತಕ್ಷಣ ಹೇಳಲಿಲ್ಲ. ಇನ್ನೊಂದು ಕಾಳು ಎತ್ತಿಕೊಂಡಳು. ಹೆಬ್ಬೆರಳು ಒತ್ತುವ ಮುಂಚೆ ಅಜ್ಜಿಯ ಮುಖ ನೋಡಿದಳು.

"ಆಮೇಲೆ ಏನಾಯ್ತೇ, ಹೇಳೇ!"