ಮದರ್‌ಬೋರ್ಡಿಗೆ ವಿಭೂತಿ

"ಮತ್ತೆ ನೀಲಿ!" ಎಂದರು ಅಪ್ಪ.

ತುಮಕೂರಿನ ಚೈತನ್ಯಕ್ಕನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದ ಮಾನಿಟರ್ ಐದನೇ ಸಲ ಪೂರ್ತಿ ನೀಲಿಯಾಗಿತ್ತು. ಮೇಲೆ ಒಂದು ಅಳುಮೋರೆ, ಕೆಳಗೆ ಇಂಗ್ಲಿಷಿನಲ್ಲಿ ಏನೋ ನಾಲ್ಕು ಸಾಲು. ಹತ್ತು ಎಣಿಸುವಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಆಫ್ ಆಗಿ, ತಾನಾಗಿ ಆನ್ ಆಗಿ, ಮತ್ತೆ ಅದೇ ಅಳುಮೋರೆ ತೋರಿಸಿತು.

ಭೂಮಿಕಾ ಸ್ಟೂಲಿನ ತುದಿಯಲ್ಲಿ ಕುಳಿತು ಉಗುರು ಕಚ್ಚುತ್ತಿದ್ದಳು. ದಸರಾ ರಜೆ. ತುಮಕೂರಿಗೆ ಹೋಗೋಣ ಎಂದರೆ ಸಾಕು, ಬಸ್ಸಿಗಿಂತ ಮೊದಲು ಸ್ಟ್ಯಾಂಡಿನಲ್ಲಿ ಇರುವ ಹುಡುಗಿ ಅವಳು. ಇವತ್ತು ಮಾತ್ರ ಅಪ್ಪ ಮೂರು ಸಲ ಕರೆಯಬೇಕಾಯಿತು.

ಅಪ್ಪ ಪ್ರಭುದೇವ ಅವರದು ಗುಬ್ಬಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವ ಅಂಗಡಿ. ಊರಿನ ಬ್ಯಾನರುಗಳಲ್ಲಿ ಹಲ್ಲು ಬಿಟ್ಟು ನಗುವ ಮುಖಗಳೆಲ್ಲ ಮೊದಲು ನಕ್ಕಿದ್ದು ಈ ಕಂಪ್ಯೂಟರಿನಲ್ಲೇ. ಆಯುಧಪೂಜೆಯ ಸಂಜೆ ಅದು 'ಟಪ್' ಎಂದು ನಿಂತುಹೋಯಿತು. ಗುಬ್ಬಿಯ ರಿಪೇರಿ ಅಂಜಿನಪ್ಪ ಬಂದು, ಮದರ್‌ಬೋರ್ಡ್ ಸುಟ್ಟಿದೆ ಎಂದು ಹೊಸದು ಹಾಕಿದ. ಬೋರ್ಡೇನೋ ಹೊಸದಾಯಿತು, ವಿಂಡೋಸ್ ಮಾತ್ರ ಏಳಲೇ ಇಲ್ಲ. "ಇನ್ನು ನನ್ ಕೈಲಾಗಲ್ಲ ಅಣ್ಣ, ತುಮಕೂರಿಗೆ ತಗೊಂಡೋಗಿ" ಎಂದು ಕೈಚೆಲ್ಲಿದ.

"ಸಾರ್, ಫೈಲೆಲ್ಲ ಯಾವ ಡ್ರೈವಲ್ಲಿ ಇಟ್ಟಿದೀರಾ?" ಚೈತನ್ಯಕ್ಕ ಕೇಳಿದಳು. ಅವಳು ಕಿವಿಯ ಮೇಲೆ ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು.

"ಡೆಸ್ಕ್‌ಟಾಪಲ್ಲಿ."

"ಎಲ್ಲಾನೂ?"

"ಎಲ್ಲಾನೂ. ಒಂಬತ್ತು ವರ್ಷದ್ದು."

"ಡಿ ಡ್ರೈವಲ್ಲಿ?"

"ಏನೂ ಇಲ್ಲ. ಅಲ್ಲಿ ಹಾಕಿದ್ರೆ ಕಣ್ಣಿಗೆ ಕಾಣಲ್ವಲ್ಲ ಮೇಡಂ."

"ಚೆನ್ನಾಗಿದೆ! ಬೀರು ಖಾಲಿ ಬಿಟ್ಟು, ಬಟ್ಟೆಯೆಲ್ಲ ಮಂಚದ ಮೇಲೆ ರಾಶಿ ಹಾಕೋ ಗಿರಾಕಿ ನೀವು."

ಅಪ್ಪ ನಕ್ಕರು. ಮನೆಯಲ್ಲಿ ಅಮ್ಮನೂ ಇದನ್ನೇ ಹೇಳುತ್ತಿದ್ದಳು, ಅದೂ ನಿಜವಾದ ಬಟ್ಟೆಯ ಬಗ್ಗೆ.

"ಹಳೇ ಬೋರ್ಡ್ ಹೆಂಗೆ ಸುಟ್ಟೋಯ್ತು?"

"ಕರೆಂಟ್ ಹೊಡೀತು. ಪೂಜೆ ಮುಗ್ಸಿ ಸ್ವಿಚ್ ಹಾಕಿದ್ನೋ ಇಲ್ವೋ, ಟಪ್ ಅಂತು."

ಚೈತನ್ಯಕ್ಕ ಕೂಡಲೇ ಪ್ಲಗ್ ಕಿತ್ತಳು. ಅವಳ ಮುಖದಲ್ಲಿದ್ದ ನಗು ಹೋಯಿತು.

"ಕರೆಂಟ್ ಹೊಡೆದಿದ್ರೆ ಬೋರ್ಡ್ ಜೊತೆ ಹಾರ್ಡ್‌ಡಿಸ್ಕಿಗೂ ಏಟು ಬಿದ್ದಿರುತ್ತೆ ಸಾರ್. ಅಂಥ ಡಿಸ್ಕನ್ನ ಪದೇ ಪದೇ ಆನ್ ಮಾಡಿದ್ರೆ ಇನ್ನೂ ಕೆಡುತ್ತೆ. ನಾನು ಕೈ ಹಾಕಲ್ಲ. ಬೆಂಗಳೂರಿಗೆ ಕಳಿಸಿ ಫೈಲ್ ತೆಗಿಸ್ಬೇಕು. ಹದಿನೈದು ದಿನ ಆಗುತ್ತೆ. ಎಷ್ಟು ಫೈಲ್ ಸಿಗುತ್ತೋ ಹೇಳಕ್ಕಾಗಲ್ಲ."

"ಹದಿನೈದು ದಿನಾನಾ? ನಾಡಿದ್ದು ಕುಣಿಗಲ್ಲಲ್ಲಿ ವಾಲಿಬಾಲ್ ಟೂರ್ನಮೆಂಟು! ಹನ್ನೆರಡು ಬ್ಯಾನರ್ ಡಿಸೈನ್ ಅದ್ರೊಳಗೇ ಇದಾವೆ!"

ಅಪ್ಪ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಅದು ಮೊದಲೇ ಚೊಕ್ಕಟವಾಗಿತ್ತು.

ಭೂಮಿಕಾ ಸ್ಟೂಲಿನಿಂದ ಇಳಿದು ನಿಂತಳು. ಯಾಕೆಂದರೆ ಕರೆಂಟ್ ಹೊಡೆದೇ ಇರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು.

ಆಯುಧಪೂಜೆಯ ದಿನ ಅಪ್ಪ ಸ್ಕೂಟರು, ಪ್ರಿಂಟರು, ಕೊನೆಗೆ ಕತ್ತರಿಗೂ ವಿಭೂತಿ ಹಚ್ಚಿ ಹೂ ಇಟ್ಟಿದ್ದರು. ಕಂಪ್ಯೂಟರಿಗೆ ಮಾತ್ರ ಮಾನಿಟರಿನ ಮೂಲೆಯಲ್ಲಿ ಚಿಕ್ಕದೊಂದು ಪಟ್ಟೆ. ಇದು ಭಾರಿ ಅನ್ಯಾಯ ಅನ್ನಿಸಿತು ಭೂಮಿಕಾಗೆ. ಮಾನಿಟರ್ ಬರೀ ತೋರಿಸುತ್ತದೆ, ದುಡಿಯುವುದೆಲ್ಲ ಪಕ್ಕದ ಡಬ್ಬ ತಾನೆ? ಬಿಸಿಯಾಗುತ್ತದೆಂದು ಆ ಡಬ್ಬದ ಸೈಡ್ ಕವರನ್ನು ಅಪ್ಪ ಯಾವತ್ತೋ ಬಿಚ್ಚಿಟ್ಟಿದ್ದರು. ಅವರು ಕಾಯಿ ಒಡೆಯಲು ಬಾಗಿಲಿಗೆ ಹೋದ ಹೊತ್ತಿನಲ್ಲಿ, ಅವಳು ಅಜ್ಜಿ ಕಲಿಸಿದಂತೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಉಜ್ಜಿ, ಮೂರು ಬೆರಳಿನಿಂದ ಮದರ್‌ಬೋರ್ಡಿನ ಮೇಲೆ ಎಳೆದಳು. ಭಕ್ತಿ ಉಕ್ಕಿ ಇನ್ನೊಂದು ಸಲವೂ ಎಳೆದಳು. ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಮುಚ್ಚಿ ಕೈಮುಗಿದಳು. ಅಷ್ಟರಲ್ಲಿ ಅಪ್ಪ ಬಂದು ಸ್ವಿಚ್ ಹಾಕಿದರು.

'ಕರೆಂಟ್ ಹೊಡೀತು' ಎಂದು ಅಪ್ಪನೇ ಹೇಳಿದಾಗ ಅವಳಿಗೆ ಎಂಥ ಸಮಾಧಾನ! ಸುಳ್ಳು ಹೇಳುವ ಕೆಲಸವೇ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಮೂರು ದಿನ ಸುಮ್ಮನೇ ಇದ್ದಳು.

ಚೈತನ್ಯಕ್ಕ ಡಿಸ್ಕ್ ಬಿಚ್ಚಲು ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದಳು.

"ಅಕ್ಕ..." ಭೂಮಿಕಾಳ ಧ್ವನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. "ಕರೆಂಟಲ್ಲ."

"ಮತ್ತೇನು?"

"ವಿಭೂತಿ."

ಅಪ್ಪನ ಕನ್ನಡಕ ಅರ್ಧ ದಾರಿಯಲ್ಲೇ ನಿಂತಿತು.

"ಎಲ್ಲಿಗೆ ಹಚ್ದೆ?" ಎಂದಳು ಚೈತನ್ಯಕ್ಕ.

"ಒಳಗಡೆ ಬೋರ್ಡಿಗೆ."

"ಒಣಗಿದ್ದೋ, ಒದ್ದೇದೋ?"

"ಒದ್ದೆ ಮಾಡ್ದೇ ಹಚ್ಬಾರ್ದು ಅಂತ ಅಜ್ಜಿ..."

"ಸರಿ ಸರಿ. ಕೆಳಗಡೆ ಇದೆಯಲ್ಲ, ಈ ಡಿಸ್ಕು, ಇದಕ್ಕೆ?"

"ಹಚ್ಬೇಕು ಅಂತಿದ್ದೆ. ಅಷ್ಟರಲ್ಲಿ ಅಪ್ಪ ಬಂದ್ಬಿಟ್ರು."

ಚೈತನ್ಯಕ್ಕ ಸ್ಕ್ರೂಡ್ರೈವರನ್ನು ಮತ್ತೆ ಕಿವಿಗೆ ಸಿಕ್ಕಿಸಿದಳು. "ಸಾರ್, ಜೀವನದಲ್ಲಿ ಒಂದ್ಸಲ ಸರಿಯಾದ ಟೈಮಿಗೆ ಬಂದಿದೀರಾ!" ಎಂದು ನಗತೊಡಗಿದಳು.

ಅಪ್ಪ ನಗಲಿಲ್ಲ. ಮಗಳನ್ನು ನೋಡಿದರು. ಆಮೇಲೆ ಅಂಜಿನಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಏನ್ಲಾ ಅಂಜಿ, ಹಳೇ ಬೋರ್ಡ್ ಮೇಲೆ ವಿಭೂತಿ ಇತ್ತಂತೆ. ನೀನು ನೋಡ್ಲಿಲ್ವೇನ್ಲಾ?"

"ನೋಡ್ದೆ ಕಣಣ್ಣ. ಆರು ಪಟ್ಟೆ ಇತ್ತು. ನೀವೇ ಹಚ್ಚಿರ್ತೀರಾ ಅಂದ್ಕೊಂಡೆ. ದೇವ್ರ ವಿಷ್ಯ, ಹೆಂಗ್ ಕೇಳದು? ಕಣ್ಣಿಗೊತ್ಕೊಂಡು ಬಿಚ್ದೆ."

ಈ ಸಲ ಚೈತನ್ಯಕ್ಕ ನಕ್ಕ ನಗುವಿಗೆ ಪಕ್ಕದ ಜೆರಾಕ್ಸ್ ಅಂಗಡಿಯವರು ಇಣುಕಿ ನೋಡಿದರು.

ಅವಳು ಪ್ಲಗ್ ಹಾಕಿ, ಒಂದು ಪೆನ್‌ಡ್ರೈವ್ ಚುಚ್ಚಿದಳು. "ಒದ್ದೆ ಆಗಿದ್ದು ಬೋರ್ಡ್ ಮಾತ್ರ, ಡಿಸ್ಕ್ ಗಟ್ಟಿಯಾಗೇ ಇದೆ ಅನ್ಸುತ್ತೆ. ವಿಂಡೋಸಿಗೆ ದಾರಿ ತಪ್ಪಿದೆ ಅಷ್ಟೇ. ಭೂಮಿಕಾ, ನಿನ್ನನ್ನ ಹೊಸ ಸ್ಕೂಲಿಗೆ ಸೇರಿಸಿದ್ರೆ ಮೊದಲ್ನೇ ದಿನ ಏನ್ಮಾಡ್ತೀಯಾ?"

"ಕ್ಲಾಸ್ ಎಲ್ಲಿ ಅಂತ ಹುಡುಕ್ತೀನಿ."

"ಬೋರ್ಡ್ ಹೊಸದಾದ್ರೂ ಇದು ಹಳೇ ಸ್ಕೂಲಿನ ಕ್ಲಾಸನ್ನೇ ಹುಡುಕ್ತಿದೆ. ಸಿಗ್ಲಿಲ್ಲ ಅಂತ ಅತ್ಕೊಂಡು ಗೇಟಿಗೆ ವಾಪಸ್ ಬರ್ತಿದೆ. ಫಾರ್ಮ್ಯಾಟ್ ಮಾಡಿದ್ರೆ ಎಲ್ಲಾನೂ ಮರೆತುಬಿಡುತ್ತೆ, ನಿಮ್ಮಪ್ಪನ ಒಂಬತ್ತು ವರ್ಷಾನೂ ಸೇರಿ. ಅದು ಬೇಡ. ರಿಪೇರಿ ಮಾಡಿ ಹೊಸ ಕ್ಲಾಸ್ ತೋರಿಸೋಣ."

ಮೊದಲು ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದಳು. ಅದಕ್ಕೇ ಎರಡು ಗಂಟೆ ಹಿಡಿಯಿತು. ಆಮೇಲೆ ಕಪ್ಪು ಸ್ಕ್ರೀನಿನಲ್ಲಿ ಟಪಟಪ ಟೈಪ್ ಮಾಡಿ, ಹಳೇ ಬೋರ್ಡಿಗೆಂದೇ ಇದ್ದ ಡ್ರೈವರ್ ಫೈಲುಗಳನ್ನು ಒಂದೊಂದಾಗಿ ತೆಗೆದುಹಾಕಿದಳು. ಅಪ್ಪ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದುಕೊಂಡಳು ಭೂಮಿಕಾ.

ಕಂಪ್ಯೂಟರ್ ಮತ್ತೆ ಆನ್ ಆಯಿತು. ಚುಕ್ಕೆಗಳು ಗುಂಡಗೆ ಸುತ್ತಿದವು. ಸುತ್ತಿದವು. ಇನ್ನೂ ಸುತ್ತಿದವು.

ನೀಲಿ ಬರಲಿಲ್ಲ. ಡೆಸ್ಕ್‌ಟಾಪ್ ಬಂತು! ಒಂದರ ಪಕ್ಕ ಒಂದು ಫೋಲ್ಡರ್, ಕಾಲಿಡಲು ಜಾಗವಿಲ್ಲ. 'ಹೊಸದು', 'ಹೊಸದು ಹೊಸದು', 'ಕೊನೆಯದು', 'ಇದೇ ಕೊನೆಯದು'.

"ಇದ್ರಲ್ಲಿ ಕುಣಿಗಲ್ ಯಾವ್ದು ಸಾರ್?"

"'ಇದೇ ಕೊನೆಯದು' ಒಳಗಡೆ ಇದೆ" ಎಂದರು ಅಪ್ಪ, ಸ್ವಲ್ಪ ನಾಚಿಕೊಂಡು. ಹನ್ನೆರಡು ಬ್ಯಾನರುಗಳೂ ಅಲ್ಲೇ ಇದ್ದವು.

ಗುಬ್ಬಿ ಬಸ್ಸಿನಲ್ಲಿ ಅಪ್ಪ ಸಿಪಿಯು ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಬೋರ್ಡ್ ಸುಟ್ರೆ ಸುಡ್ಲಿ, ಭೂಮಿ. ಹೇಳ್ಬಾರ್ದಿತ್ತಾ?" ಎಂದಷ್ಟೇ ಕೇಳಿದರು. ಅವಳು ತಲೆ ತಗ್ಗಿಸಿದಳು.

ಎದುರಿನ ಸೀಟಿನಿಂದ ಅವರ ಬೀದಿಯ ಚಿಕ್ಕಬೋರಯ್ಯ ತಿರುಗಿ ನೋಡಿದರು. "ಏನ್ ಪ್ರಭು, ಕೂಸನ್ನ ಎತ್ಕೊಂಡಂಗೆ ಎತ್ಕೊಂಡಿದೀಯಾ? ಏನಾಗಿತ್ತು ಅದಕ್ಕೆ?"

"ಕರೆಂಟ್ ಹೊಡೀತು ಚಿಕ್ಕಬೋರಣ್ಣ" ಎಂದರು ಅಪ್ಪ.

ಮಗಳ ಕಡೆ ನೋಡದೆ ಹೇಳಿದರು. ತನ್ನ ಮಾನ ಉಳಿಸಲೆಂದೇ ಹಾಗೆಂದರು ಎಂದು ಭೂಮಿಕಾಗೆ ಗೊತ್ತಾಯಿತು. ಈಗಲೂ ಅವಳು ಸುಮ್ಮನಿದ್ದರೆ ಸಾಕಿತ್ತು.

"ಕರೆಂಟಲ್ಲ ತಾತ" ಎಂದಳು. "ನಾನು ಒದ್ದೆ ವಿಭೂತಿ ಹಚ್ಬಿಟ್ಟೆ."

"ಯಾವುದಕ್ಕೆ?"

"ಕಂಪ್ಯೂಟರ್ ಹೊಟ್ಟೆಗೆ."

ಚಿಕ್ಕಬೋರಯ್ಯನವರ ಬಾಯಿ ತೆರೆದೇ ಇತ್ತು. ಆಮೇಲೆ ಅದರಿಂದ ಎಂಥ ನಗು ಬಂತೆಂದರೆ, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ತಿರುಗಿದ. "ಏನು, ಏನು?" ಎಂದು ಹಿಂದಿನ ಸೀಟಿನವರೂ ಬಗ್ಗಿದರು.

ಭೂಮಿಕಾಳ ಕಿವಿ ಬಿಸಿಯಾಯಿತು. ಆದರೆ ಈ ಮೂರು ದಿನ ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕಿಂತ ಇದು ಎಷ್ಟೋ ವಾಸಿ.

"ಇರಿ ತಾತ, ಮೊದ್ಲಿಂದ ಹೇಳ್ತೀನಿ" ಎಂದು ಅವಳು ಮುಂದಕ್ಕೆ ಸರಿದು ಕುಳಿತಳು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ನಗು ತಡೆಯಲಾರದೆ ಅವರ ಹೆಗಲು ಕುಲುಕುತ್ತಿತ್ತು.