ಎಂಜಲಾಗದ ಗ್ಲಾಸು

ವೈನ್ ಗ್ಲಾಸನ್ನು ಗೇಣುದ್ದ ಮೇಲಕ್ಕೆತ್ತಿ, ಕತ್ತು ಹಿಂದಕ್ಕೆ ಹಾಕಿ, ಚೊಂಬಿನ ನೀರು ಕುಡಿಯುವ ಹಾಗೆ ಗಟಗಟನೆ ಬಾಯಿಗೆ ಸುರಿದುಕೊಂಡ ಗಂಡಸನ್ನು ಪ್ರೇಕ್ಷಾ ಅವತ್ತೇ ಮೊದಲು ನೋಡಿದ್ದು. ಗ್ಲಾಸು ತುಟಿಗೆ ತಾಗಲೇ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಮಾತ್ರ ಎರಡು ಹನಿ ಬಿತ್ತು.

ಬಂದನಲ್ಲಪ್ಪ ಅರಕಲಗೂಡಿನ ಮಹಾರಾಜ, ಎಂದುಕೊಂಡಳು. ಇವನಿಗೆ ಫ್ರಾನ್ಸಿನ ವೈನೂ ಒಂದೇ, ಬೋರ್‌ವೆಲ್ ನೀರೂ ಒಂದೇ.

ಹಾಸನದ ಬಿ.ಎಂ. ರಸ್ತೆಯ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನದ ವೈನ್ ಟೇಸ್ಟಿಂಗ್ ನಡೆದಿತ್ತು. ಯಾವ ಸೀಮೆಯ ವೈನನ್ನು ಹೇಗೆ ಮೂಸಬೇಕು, ಹೇಗೆ ಸವಿಯಬೇಕು ಎಂದು ಊರೂರು ತಿರುಗಿ ಹೇಳಿಕೊಡುವುದು ಪ್ರೇಕ್ಷಾಳ ಕೆಲಸ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವಳಪ್ಪ ದೊಡ್ಡಯ್ಯ ಮಾತ್ರ ಕೇಳಿದವರಿಗೆಲ್ಲ 'ಜ್ಯೂಸ್ ಕಂಪನಿ' ಎನ್ನುತ್ತಿದ್ದರು. ಗಂಡಿನ ಕಡೆಯವರಿಗೂ ಅದೇ ಜ್ಯೂಸು. ಅದಕ್ಕೇ ಪ್ರೇಕ್ಷಾ ತನ್ನದೇ ಒಂದು ಶಾಸ್ತ್ರ ಇಟ್ಟುಕೊಂಡಿದ್ದಳು. ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಿಂದು ಹೆಣ್ಣು ನೋಡಿಹೋದ ಹುಡುಗನನ್ನು ಒಂದು ಟೇಸ್ಟಿಂಗ್‌ಗೆ ಕರೆಯುವುದು. ಬಂದವನು ತಾನಾಗಿಯೇ ಉದುರುತ್ತಿದ್ದ.

ಒಬ್ಬ ಸೋಡಾ ಕೇಳಿದ. ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ “ಇವ್ಳೂ ಕುಡೀತಾಳೇನ್ಲಾ?” ಅಂದದ್ದು ಹಾಲಿಗೆಲ್ಲ ಕೇಳಿಸಿತು. ಪಾಲಾಕ್ಷ ಎಂಬ ಇಂಜಿನಿಯರ್ ಒಬ್ಬ ಮಾತ್ರ ಅವಳ ಮನಸ್ಸಿಗೆ ಹಿಡಿಸಿದ್ದ. ಬಾಯಲ್ಲಿ ಆಡಿಸಿದ ವೈನನ್ನು ಅವಳು ಸ್ಟೀಲ್ ಬಕೆಟ್ಟಿಗೆ ಉಗುಳಿದ್ದೇ ತಡ, ಅವನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಫೋನ್ ಬಂತೆಂದು ಎದ್ದವನು ತಿರುಗಿ ಬರಲಿಲ್ಲ. ಸುರಿದದ್ದನ್ನೆಲ್ಲ ನುಂಗಿದರೆ ನಾಲಿಗೆಯೂ ತಲೆಯೂ ನೆಟ್ಟಗಿರುವುದಿಲ್ಲ, ಉಗುಳುವುದೇ ಈ ಕಸುಬಿನ ಮರ್ಯಾದೆ ಎಂದು ಆ ಪಂಡಿತನಿಗೆ ಯಾರು ಹೇಳಬೇಕು? ಅವತ್ತು ಅವಳು ಅತ್ತಿದ್ದಳು. ಅಂದಿನಿಂದ ಬರುವವರನ್ನು ತಾನೇ ಮೊದಲು ಗೇಲಿ ಮಾಡಿಬಿಡುವುದು ರೂಢಿಯಾಯಿತು. ಆ ಬಕೆಟ್ಟು ನೋಡಿದ ಮೇಲೂ ಎದ್ದುಹೋಗದ ಒಬ್ಬ ಬೇಕು ಎಂಬ ಆಸೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಈಗ ಈ ಶಶಿಕಿರಣ್. ಅರಕಲಗೂಡಿನಲ್ಲಿ ಶುಂಠಿ, ಹೊಗೆಸೊಪ್ಪು ಬೆಳೆಯುವ ಮನೆಯವನು.

“ಗ್ಲಾಸಿಗೆ ಬಾಯಿ ತಾಗಿಸಿ ಕುಡೀರಿ,” ಎಂದಳು. “ಕಚ್ಚಲ್ಲ ಅದು.”

“ಬಾಯಿಟ್ಟು ಕುಡುದ್ರೆ ನಮ್ಮಜ್ಜಿ ರೇವಮ್ಮ ತಲೆ ಮೇಲೆ ಮೊಟಕೋರು, ಎಂಜ್ಲು ಮಾಡ್ಬ್ಯಾಡ ಅಂತ. ಅಭ್ಯಾಸ ಕಣ್ರಿ.” ಅವನು ಶರ್ಟು ಒರೆಸಿಕೊಂಡ. “ಇದ್ನ ಕುಡೀತಿರೋದೂ ಇದೇ ಮೊದ್ಲು.”

“ಹೇಳದಿದ್ರೂ ಗೊತ್ತಾಗ್ತಿದೆ.”

ಮುಂದಿನ ಸಾಲಿನ ಕಂಟ್ರಾಕ್ಟರ್ ಒಬ್ಬರು ಚಿಪ್ಸ್ ಅಗಿಯುತ್ತಾ, “ಕಿಕ್ ಯಾವ್ದ್ರಲ್ಲಿ ಜಾಸ್ತಿ ಮೇಡಂ?” ಎಂದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಎಂದುಕೊಂಡು ಪ್ರೇಕ್ಷಾ ಪಾಠ ಮುಂದುವರಿಸಿದಳು. ನ್ಯೂಜಿಲೆಂಡಿನ ಬಿಳಿ ವೈನಿನಲ್ಲಿ ಆಗ ತಾನೇ ಕೊಯ್ದ ಹುಲ್ಲಿನ ವಾಸನೆ. ನಾಸಿಕ್‌ನ ಕೆಂಪಿನಲ್ಲಿ ಕಾಳುಮೆಣಸಿನ ಖಾರ. ಕೊನೆಯದು ಫ್ರಾನ್ಸಿನ ಬೋರ್ಡೋ ಸೀಮೆಯದು.

“ಇದರಲ್ಲಿ ಒಣಗಿದ ಹೊಗೆಸೊಪ್ಪಿನ ವಾಸನೆ ಇದೆ. ನಿಮಗಾದರೂ ಗೊತ್ತಾಗಬೇಕಲ್ವಾ ಶಶಿಕಿರಣ್?”

ಅವನು ಮತ್ತೆ ಮೇಲೆತ್ತಿ ಸುರಿದುಕೊಂಡ. “ಏನೂ ಬರ್ಲಿಲ್ಲ ಕಣ್ರಿ.”

“ಮೂಗು ಗ್ಲಾಸಿನೊಳಗೆ ಇರಬೇಕು. ಸೂರು ನೋಡ್ಕೊಂಡು ಕುಡಿದ್ರೆ ಫ್ಯಾನಿನ ಧೂಳಿನ ವಾಸನೆ ಬರುತ್ತೆ.”

ಹಾಲಿಗೆ ಹಾಲೇ ನಕ್ಕಿತು. ಅವನೂ ನಕ್ಕ. ನಗುತ್ತಲೇ ಅವಳನ್ನು ನೋಡಿದ. ಎಲ್ಲರ ನಗು ನಿಂತ ಮೇಲೂ ನೋಡುತ್ತಿದ್ದ. ಅವಳ ಕಿವಿ ಬಿಸಿಯಾಯಿತು. ಇದಕ್ಕೆ ಮದ್ದು ತನಗೆ ಗೊತ್ತು ಎಂದುಕೊಂಡವಳೇ ಅವನ ಮೇಜಿನ ಪಕ್ಕಕ್ಕೇ ಹೋಗಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಮಾರು ದೂರದ ಬಕೆಟ್ಟಿಗೆ ಉಗುಳಿದಳು. ಸಣ್ಣ ಧಾರೆ ನೇರ ಒಳಗೆ ಬಿತ್ತು. ಈಗ ಫೋನ್ ಬರುತ್ತದೆ ಎಂದು ಕಾದಳು.

ಶಶಿಕಿರಣ್ ಬಕೆಟ್ಟನ್ನು ನೋಡಿದ, ಅವಳನ್ನು ನೋಡಿದ.

“ಒಂದ್ ಹನಿ ಆಚೆ ಬೀಳ್ಲಿಲ್ಲ! ಎಷ್ಟ್ ದಿನ ಬೇಕಾಯ್ತು ಕಲಿಯೋಕೆ?”

ಅವಳಿಗೆ ನಗು ಬಂದುಬಿಟ್ಟಿತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

ಎಲ್ಲರೂ ಹೋದ ಮೇಲೆ ಬಕೆಟ್ಟು ಉಳಿಯಿತು. ಅದನ್ನು ಯಾವ ಹೋಟೆಲಿನವರೂ ಮುಟ್ಟುತ್ತಿರಲಿಲ್ಲ. ಊರಿನವರ ಎಂಜಲನ್ನು ಅವಳೇ ಹೊತ್ತು ಚೆಲ್ಲಿ ತೊಳೆಯಬೇಕು. ಬಗ್ಗುವಷ್ಟರಲ್ಲಿ ಅದರ ಹಿಡಿ, ಹೋಗದೆ ಉಳಿದಿದ್ದ ಶಶಿಕಿರಣನ ಕೈಯಲ್ಲಿತ್ತು.

“ಬಿಡ್ರೀ, ಎಂಜಲು ಅದು. ನಿಮ್ಮಜ್ಜಿ ಮೊಟಕಲ್ವಾ?”

“ದಿನಾ ದನಕ್ಕೆ ಕಲಗಚ್ಚು ಹೊರೋನು ನಾನು. ಇದ್ಯಾವ ಭಾರ?”

ಚೆಲ್ಲಿ, ತೊಳೆದು, ತೋಳೆಲ್ಲ ಒದ್ದೆ ಮಾಡಿಕೊಂಡು ಬಂದ. ಪ್ರೇಕ್ಷಾ ಒಂದು ಕುಹಕಕ್ಕಾಗಿ ತಡಕಾಡಿದಳು, ಸಿಗಲಿಲ್ಲ. ಇವನೂ ಎದ್ದುಹೋಗಿದ್ದರೆ ತನಗೆ ಎಷ್ಟು ನೋವಾಗುತ್ತಿತ್ತು ಎಂದು ಆಗ ಅವಳಿಗೆ ಅರಿವಾಯಿತು.

“ಮನೇಲಿ ಜ್ಯೂಸ್ ಕಂಪನಿ ಅಂತಾನೇ ಹೇಳಿ,” ಎಂದಳು ಮೆಲ್ಲಗೆ.

“ಯಾಕೆ? ವೈನ್ ಅಂತಾನೇ ಯೋಳ್ತೀನಿ. ಅಜ್ಜಿ ಬಯ್ತದೆ, ಬಯ್ಲಿ. ನೀವು ಕೆಲ್ಸ ಬಿಡ್ಬ್ಯಾಡಿ.” ಮೇಜಿನ ಕಡೆ ನೋಡಿದ. “ಆ ಹೊಗೆಸೊಪ್ಪಿನದು ಇನ್ನೊಂದ್ಸಲ ನೋಡ್ಲಾ?”

ಬಾಟಲಿ ಖಾಲಿಯಾಗಿತ್ತು. ಅವಳ ಗ್ಲಾಸಿನಲ್ಲಿ ಮಾತ್ರ ಒಂದು ಗುಟುಕು ಇತ್ತು, ಅಂಚಿನಲ್ಲಿ ಲಿಪ್‌ಸ್ಟಿಕ್ಕಿನ ಗುರುತು.

“ಅದು ನನ್ನ ಎಂಜಲು,” ಎಂದಳು.

“ಗೊತ್ತು.”

ಈ ಸಲ ಮೇಲಕ್ಕೆತ್ತಲಿಲ್ಲ. ಅವಳು ಹೇಳಿಕೊಟ್ಟ ಹಾಗೇ ಮೂಗನ್ನು ಗ್ಲಾಸಿನೊಳಗಿಟ್ಟ. ಕಣ್ಣು ಅರಳಿತು. “ಅಯ್ಯೋ, ನಮ್ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಕಣ್ರಿ! ಸೊಪ್ಪು ಬೇಯ್ಸಿ ಬಾಗ್ಲು ತಗುದ್ರೆ ಇದೇ ವಾಸ್ನೆ!” ಆಮೇಲೆ ಅವಳ ಕಣ್ಣನ್ನೇ ನೋಡುತ್ತಾ, ಆ ಕೆಂಪು ಗುರುತಿನ ಮೇಲೇ ತುಟಿ ಇಟ್ಟು ಬಾಯಿ ತುಂಬಿಕೊಂಡ.

ಪ್ರೇಕ್ಷಾ ಗಡಿಬಿಡಿಯಲ್ಲಿ, ತೊಳೆದಿಟ್ಟ ಬಕೆಟ್ಟನ್ನು ಅವನತ್ತ ತಳ್ಳಿದಳು.

“ಸಾಕು. ಉಗುಳಿ ಈಗ.”

ಅವನು ತಲೆಯಾಡಿಸಿ, ನಿಧಾನವಾಗಿ ನುಂಗಿದ.

“ಇದ್ನ ಉಗುಳೋಕಾಯ್ತದೇನ್ರಿ?”